ಮಾಲೇಕಲ್ಲಿನ ಬಜ್ಜಿ, ಪೆನಾಂಗಿನ ರೊಟ್ಟಿ

ಆಷಾಢ ಬಂತೆಂದರೆ ನಮ್ಮ ಕೇರಿಯ ಮಕ್ಕಳಿಗೆ ಮಾಲೇಕಲ್ಲು ತಿರುಪತಿಯ ಜಾತ್ರೆಯದೇ ಧ್ಯಾನ. ಅರಸೀಕೆರೆ ಪಟ್ಟಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದ ಬೆಟ್ಟ ಅದು. ಲಕ್ಷ್ಮೀವೆಂಕಟರಮಣಸ್ವಾಮಿಯ ತೇರು ಎಳೆಯುವ ದಿನ ಸುತ್ತಲ ಹಳ್ಳಿಗಳ ಜನ ಎತ್ತಿನಗಾಡಿ, ಟ್ರ್ಯಾಕ್ಟರು, ಬಸ್ಸು ಹಿಡಿದು ಬರುತ್ತಿದ್ದರು. ಹೊಸದಾಗಿ ಮದುವೆಯಾದ ಜೋಡಿಗಳು ತೇರಿಗೆ ಬಾಳೆಹಣ್ಣು ಎಸೆಯುತ್ತಿದ್ದರು. ನಮಗೆ ತೇರಿಗಿಂತ ತೇರಿನ ಬೀದಿ ಮುಖ್ಯ. ಬೆಂಡು ಬತ್ತಾಸು, ಕಡ್ಲೆಪುರಿ, ಖಾರಾಸೇವೆ, ಬಣ್ಣದ ಶರಬತ್ತು. ಎಲ್ಲಕ್ಕಿಂತ ಮೇಲಾಗಿ ದೊಡ್ಡ ಬಾಣಲೆಯಲ್ಲಿ ಬೇಯುತ್ತಿದ್ದ ಮೆಣಸಿನಕಾಯಿ ಬಜ್ಜಿ. ಇದು 1980ರ ದಶಕದ ಮಾತು. ಮೀಟರ್‌ಗೇಜ್ ರೈಲಿನ ಕಾಲ.

ಅಮ್ಮಿ ಬುರ್ಖಾ ತೊಟ್ಟು ನಮ್ಮ ಜೊತೆ ಬರುತ್ತಿದ್ದಳು. ಪೇಟೆಯ ಯಾವ ಹೋಟೆಲಿನ ಮೆಟ್ಟಿಲನ್ನೂ ಹತ್ತದ ಹೆಂಗಸು ಅವಳು. ಜಾತ್ರೆಯಲ್ಲಿ ಮಾತ್ರ ಬಜ್ಜಿ ಗಾಡಿಯ ಹಿಂದೆ, ಜನಕ್ಕೆ ಬೆನ್ನು ಮಾಡಿ ನಿಂತು, ನಕಾಬು ಎತ್ತಿ ಬಿಸಿ ಬಜ್ಜಿ ತಿನ್ನುತ್ತಿದ್ದಳು. ಪಕ್ಕದಲ್ಲೇ ಹಳ್ಳಿಯ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಿನ್ನುತ್ತಿದ್ದರು. ಒಂದು ವರ್ಷ ಅವರಲ್ಲಿ ಒಬ್ಬಾಕೆ ಖಾರ ತಡೆಯಲಾರದೆ ಹಾ ಹಾ ಎನ್ನುತ್ತಿದ್ದಾಗ ಅಮ್ಮಿ ತನ್ನ ಚೀಲದಿಂದ ಒಂದು ಚೂರು ಬೆಲ್ಲ ತೆಗೆದು ಕೊಟ್ಟಳು. ಆಕೆ ತಕ್ಷಣ ಬಾಯಿಗೆ ಹಾಕಿಕೊಂಡಳು. ಯಾವೂರು, ಯಾರ ಪೈಕಿ ಎಂದು ಇಬ್ಬರೂ ಕೇಳಲಿಲ್ಲ. ಅಮ್ಮಿ ಆ ಹೆಂಗಸಿನ ಊರಿಗೇ ಹೋಗಿದ್ದರೆ ಅವರ ಜಗಲಿಯಲ್ಲಿ ಕೂತು ನೀರು ಕುಡಿಯುವುದಕ್ಕೂ ನೂರು ಲೆಕ್ಕಾಚಾರ ಇರುತ್ತಿತ್ತು. ಆಕೆ ನಮ್ಮ ಮನೆಗೆ ಬಂದಿದ್ದರೂ ಅಷ್ಟೆ.

ನಾನು ನಾಲ್ಕನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಶಾಲೆಗೆ ಬಂದವನು. ಉರ್ದು ಪುಸ್ತಕದಲ್ಲಿ ಊಟವೆಂದರೆ ದಸ್ತರ್‌ಖಾನ್. ಕನ್ನಡ ಪುಸ್ತಕದಲ್ಲಿ ಪಂಕ್ತಿ. ಎರಡೂ ಒಟ್ಟಿಗೆ ಕೂತು ಉಣ್ಣುವುದನ್ನೇ ಹೇಳುವ ಮಾತುಗಳು. ಆದರೆ ಪಂಕ್ತಿಯ ಬೆನ್ನಿಗೇ ಪಂಕ್ತಿಭೇದ ಎಂಬ ಮಾತೂ ಇತ್ತು. ದಸ್ತರ್‌ಖಾನ್ ಕೂಡ ಎಲ್ಲರಿಗೂ ಹಾಸಿದ್ದಾಗಿರಲಿಲ್ಲ. ನಮ್ಮ ಮನೆಗಳಲ್ಲಿ ಗಂಡಸರು ಎದ್ದ ಮೇಲೆ ಹೆಂಗಸರು ಉಣ್ಣುತ್ತಿದ್ದರು. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬ ಒಳಲೆಕ್ಕಗಳು ಮುಸ್ಲಿಮರಲ್ಲೂ ಇದ್ದವು. ಈ ಎರಡರ ಹೊರಗೆ ಮೂರನೆಯದೊಂದು ಜಾಗವಿದೆ ಎಂದು ನನಗೆ ತೋರಿಸಿದ್ದು ಜಾತ್ರೆಯ ಬಜ್ಜಿ ಗಾಡಿ. ಅಲ್ಲಿ ಹಾಸುವುದಕ್ಕೆ ಏನೂ ಇಲ್ಲ, ಆದ್ದರಿಂದ ಎಬ್ಬಿಸುವುದಕ್ಕೂ ಯಾರೂ ಇಲ್ಲ.

ನಮ್ಮ ಊರಿನ ಚರಿತ್ರೆ ಬರೆಯುವವರು ಅರಸಿ ಕಟ್ಟಿಸಿದ ಕೆರೆಯಿಂದ ಶುರುಮಾಡುತ್ತಾರೆ. 1220ರ ಸುಮಾರಿನ ಹೊಯ್ಸಳರ ಈಶ್ವರ ದೇವಾಲಯ, ಅದರ ನಕ್ಷತ್ರಾಕಾರದ ಮಂಟಪ, ಅದೇ ಕಾಲದಲ್ಲಿ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯ, ಇವೆಲ್ಲ ಬರುತ್ತವೆ. ಆ ಮಂಟಪದ ಕಲ್ಲು ಹೊತ್ತವರು ಮಧ್ಯಾಹ್ನ ಏನು ತಿಂದರು, ಯಾರ ಪಕ್ಕ ಕೂತು ತಿಂದರು ಎಂಬುದು ಅಲ್ಲಿ ಬರುವುದಿಲ್ಲ. ಬೀದಿಯ ತಿಂಡಿಗೆ ಶಾಸನವಿಲ್ಲ. ಅದನ್ನು ಕಟ್ಟಿದ ಎಲೆಯನ್ನು ದನ ತಿಂದುಬಿಡುತ್ತದೆ. ಆದರೂ ಅದಕ್ಕೊಂದು ಚರಿತ್ರೆ ಇದೆ ಎಂದು ನನಗೆ ಹೊಳೆದದ್ದು ಮಾಲೇಕಲ್ಲಿನಿಂದ ಬಹಳ ದೂರದಲ್ಲಿ, ಮಲೇಷ್ಯಾದಲ್ಲಿ.

ನನ್ನ ತಂಗಿಯ ಮಗ ಕೌಲಾಲಂಪುರದಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾನೆ. ಅವನ ಒತ್ತಾಯಕ್ಕೆ ಕೆಲವು ವರ್ಷಗಳ ಹಿಂದೆ ಹತ್ತು ದಿನ ಹೋಗಿದ್ದೆ. ಮೊದಲ ರಾತ್ರಿ ಅವನು ಕರೆದುಕೊಂಡು ಹೋದದ್ದು ದೊಡ್ಡ ಹೋಟೆಲಿಗಲ್ಲ, ರಸ್ತೆ ಪಕ್ಕದ ‘ಮಾಮಕ್’ ಅಂಗಡಿಗೆ. ಬಾಗಿಲಿಲ್ಲದ ಹೋಟೆಲು. ತಗಡಿನ ಮಾಡು, ಪ್ಲಾಸ್ಟಿಕ್ ಕುರ್ಚಿ, ಗೋಡೆಯಲ್ಲಿ ಫುಟ್‌ಬಾಲ್ ತೋರಿಸುವ ಟೀವಿ. ರಾತ್ರಿ ಹನ್ನೊಂದಕ್ಕೂ ಜನ. ಒಂದು ಮೇಜಿನಲ್ಲಿ ತಲೆವಸ್ತ್ರ ಧರಿಸಿದ ಮಲಯ್ ಹುಡುಗಿಯರು, ಇನ್ನೊಂದರಲ್ಲಿ ಚೀನಿ ಮುದುಕರು, ಮತ್ತೊಂದರಲ್ಲಿ ಹಣೆಗೆ ವಿಭೂತಿ ಇಟ್ಟ ತಮಿಳು ಕುಟುಂಬ. ರೊಟ್ಟಿ ಬೀಸುತ್ತಿದ್ದವನನ್ನು ಎಲ್ಲರೂ ‘ಅನ್ನೆ’ ಎಂದು ಕರೆಯುತ್ತಿದ್ದರು. ಅದು ನಮ್ಮ ‘ಅಣ್ಣ’ನೇ. ‘ಮಾಮಕ್’ ಎಂಬುದೂ ತಮಿಳಿನ ‘ಮಾಮಾ’ದಿಂದ ಬಂದದ್ದು. ಅಲ್ಲಿಯ ಜನ ಎದುರಾದರೆ ‘ಸುದಾ ಮಕಾನ್?’ ಅನ್ನುತ್ತಾರೆ. ಹಾಗೆಂದರೆ ‘ಊಟ ಆಯ್ತಾ?’ ಎಂದು ಅಳಿಯ ಹೇಳಿದಾಗ ನನಗೆ ನಗು ಬಂತು. ನಮ್ಮ ಕೇರಿಯಲ್ಲಿ ‘ಖಾನಾ ಹುವಾ ಕ್ಯಾ?’ ಎಂದು ಕೇಳದೆ ಯಾರೂ ಮಾತು ಶುರುಮಾಡುವುದಿಲ್ಲ.

ಈ ಮಾಮಕ್ ಅಂಗಡಿಗಳನ್ನು ಕಟ್ಟಿದವರು ತಮಿಳು ಮುಸ್ಲಿಮರು. ಕೋರಮಂಡಲ ತೀರದಿಂದ ಮಲಯಕ್ಕೆ ಅವರ ವ್ಯಾಪಾರ ಬ್ರಿಟಿಷರಿಗಿಂತ ಹಳೆಯದು. 1786ರಲ್ಲಿ ಬ್ರಿಟಿಷರು ಪೆನಾಂಗ್ ದ್ವೀಪವನ್ನು ಬಂದರು ಮಾಡಿದ ಮೇಲೆ ಇನ್ನೂ ಹೆಚ್ಚು ಜನ ಹೋದರು. 1801ರಲ್ಲಿ ಅಲ್ಲಿ ಕಪಿತಾನ್ ಕೆಲಿಂಗ್ ಮಸೀದಿ ಎದ್ದಿತು. ಅದೇ ರಸ್ತೆಯಲ್ಲಿ ಚೀನಿಯರ ಕರುಣಾದೇವಿಯ ಗುಡಿ ಇದೆ, ಇಗರ್ಜಿ ಇದೆ, ಹತ್ತಿರದಲ್ಲೇ ಮಹಾಮಾರಿಯಮ್ಮನ ಗುಡಿ ಇದೆ. ಬಂದರಿನಲ್ಲಿ ಮೂಟೆ ಹೊರುವವರಿಗೆ ಅಡುಗೆ ಮಾಡಿಹಾಕಲು ಮನೆಯವರಿರಲಿಲ್ಲ. ಆಗ ಕೆಲವರು ಕಾವಡಿಯ ಒಂದು ತುದಿಗೆ ಅನ್ನ, ಇನ್ನೊಂದು ತುದಿಗೆ ಸಾರು ತೂಗುಹಾಕಿಕೊಂಡು ಮಾರಲು ಹೊರಟರು. ಮಲಯ್ ಭಾಷೆಯಲ್ಲಿ ‘ನಾಸಿ’ ಎಂದರೆ ಅನ್ನ, ‘ಕಂದರ್’ ಎಂದರೆ ಆ ಕಾವಡಿ ಕೋಲು. ಇವತ್ತು ಪೆನಾಂಗಿನ ಹೆಮ್ಮೆಯ ಊಟವಾದ ‘ನಾಸಿ ಕಂದರ್’ ಹುಟ್ಟಿದ್ದು ಹಾಗೆ, ಹಮಾಲಿಗಳ ಹಸಿವಿಗೆ.

ನನ್ನ ದಾದಾ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಹಮಾಲಿ ಆಗಿದ್ದರು. ಮಧ್ಯಾಹ್ನ ಮಂಡಿಯ ಬಾಗಿಲಿಗೇ ತಲೆಹೊರೆಯಲ್ಲಿ ಇಡ್ಲಿ ತರುವ ಒಬ್ಬ ಅಜ್ಜಿಯ ಬಗ್ಗೆ ಕೊನೆಯವರೆಗೂ ಹೇಳುತ್ತಿದ್ದರು. ಪೆನಾಂಗಿನಲ್ಲಿ ಆ ಕಾವಡಿಯ ಕತೆ ಕೇಳಿದಾಗ ನನ್ನ ಕಣ್ಣಿಗೆ ಬಂದದ್ದು ಆ ಇಡ್ಲಿ ಅಜ್ಜಿ.

ಅಲ್ಲಿಯ ತಿಂಡಿಗಳಲ್ಲಿ ನನಗೆ ಪೂರ್ತಿ ಹೊಸದು ಎನಿಸಿದ್ದು ಕಡಿಮೆ. ‘ರೋಟಿ ಚನಾಯ್’ ಎಂದರೆ ನಮ್ಮ ಪರೋಟದ ಬಳಗ. ಹಿಟ್ಟನ್ನು ಗಾಳಿಯಲ್ಲಿ ಬೀಸಿ ಬಟ್ಟೆಯಷ್ಟು ತೆಳ್ಳಗೆ ಮಾಡಿ, ಮಡಚಿ, ಕಾವಲಿಯಲ್ಲಿ ಬೇಯಿಸಿ, ಬೇಳೆಸಾರಿನ ಜೊತೆ ಕೊಡುತ್ತಾರೆ. ಅದೇ ಹಾಳೆಯ ಒಳಗೆ ಖೀಮಾ, ಮೊಟ್ಟೆ, ಈರುಳ್ಳಿ ಇಟ್ಟು ಮಡಚಿದರೆ ‘ಮುರ್ತಬಾಕ್’. ಈ ಹೆಸರು ಮಡಿಕೆ ಎಂಬ ಅರ್ಥದ ಅರಬ್ಬಿ ಮಾತಿನಿಂದ ಬಂದದ್ದು. ‘ತೆಹ್ ತಾರಿಕ್’ ಎಂದರೆ ಎಳೆದ ಚಹಾ. ಒಂದು ಲೋಟದಿಂದ ಇನ್ನೊಂದಕ್ಕೆ ಮೊಳದುದ್ದ ಎತ್ತಿ ಹೊಯ್ದು ನೊರೆ ಬರಿಸುವುದು. ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಕಾಫಿ ಆರಿಸುವುದೂ ಹೀಗೆಯೇ. ನನ್ನನ್ನು ಕಟ್ಟಿಹಾಕಿದ್ದು ಮಾತ್ರ ಸೈಕಲ್ಲಿನಲ್ಲಿ ಮಾರಿಕೊಂಡು ಬಂದ ‘ಪುಟು ಮಾಯಮ್’. ಅಕ್ಕಿಹಿಟ್ಟಿನ ಎಳೆ, ಮೇಲೆ ಕಾಯಿತುರಿ, ತಾಳೆಬೆಲ್ಲದ ಪುಡಿ. ಹಾಸನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಅದು ನಮ್ಮ ಒತ್ತುಶಾವಿಗೆ. ನಾವು ಕಾಯಿಹಾಲು ಸುರಿದುಕೊಳ್ಳುತ್ತೇವೆ, ಅವರು ತುರಿ ಉದುರಿಸಿಕೊಳ್ಳುತ್ತಾರೆ. ನಾವು ಮನೆಯೊಳಗೆ ಒರಳು ಇಟ್ಟು ಹಬ್ಬ ಮಾಡುವುದನ್ನು ಅವರು ಬೀದಿಗೆ ತಂದು ದಾರಿಹೋಕರಿಗೆಲ್ಲ ಕೊಟ್ಟರು. ಕಾಯಿಹಾಲಿನಲ್ಲಿ ಬೇಯಿಸಿದ ಅನ್ನ, ‘ನಾಸಿ ಲೆಮಾಕ್’, ಅಲ್ಲಿ ಬಾಳೆಎಲೆಯ ಪೊಟ್ಟಣದಲ್ಲಿ ಬೆಳಗಿನ ತಿಂಡಿಯಾಗಿ ಮಾರಾಟವಾಗುತ್ತದೆ. ತೆಂಗಿನ ನಾಡಾದ ನಮ್ಮ ಅರಸೀಕೆರೆಯ ಕಾಯಿ ಕೊಬ್ಬರಿಯಾಗಿ ಉತ್ತರಕ್ಕೆ ಹೋಗುತ್ತದೆ. ಅವರ ಕಾಯಿ ಬೀದಿಯ ಅನ್ನಕ್ಕೆ ಹೋಗುತ್ತದೆ.

ಇದನ್ನೆಲ್ಲ ನೋಡಿದ ಮೇಲೆ ನಮ್ಮ ಜಾತ್ರೆಯ ಬಜ್ಜಿಯೂ ನನಗೆ ಬೇರೆಯಾಗಿ ಕಾಣತೊಡಗಿತು. ಅದು ಎಷ್ಟು ನಮ್ಮದು? ಮೆಣಸಿನಕಾಯಿ ಅಮೆರಿಕ ಖಂಡದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂತು. ಹೊಯ್ಸಳರ ಅಡುಗೆಮನೆಗೆ ಅದರ ಹೆಸರೂ ಗೊತ್ತಿರಲಿಲ್ಲ. ಹಳೆಯ ಮೆಣಸಿನ ಖಾರಕ್ಕೆ ಹೋಲಿಸಿ ಈ ಹೊಸ ಕಾಯಿಗೆ ನಾವು ಹೆಸರಿಟ್ಟೆವು. ಕರಿಯುವ ಎಣ್ಣೆಯ ಕಡಲೆಕಾಯಿಯೂ ಅಲ್ಲಿಂದಲೇ ಬಂದದ್ದು. ಬಜ್ಜಿ ತಿಂದ ಮೇಲೆ ಕುಡಿಯುವ ಕಾಫಿಯನ್ನು ಬಾಬಾ ಬುಡನ್ ಅವರು ಯೆಮನ್ನಿನ ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣದ ಗಿರಿಯಲ್ಲಿ ಬಿತ್ತಿದರೆಂದು ನಮ್ಮ ನಂಬಿಕೆ. ಆ ಗಿರಿ ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ. ಹೀಗೆ ಹಲವು ದಿಕ್ಕಿನಿಂದ ಬಂದದ್ದು ನಮ್ಮ ಬಾಣಲೆಯಲ್ಲಿ ಬಿದ್ದು ನಮ್ಮದಾಗಿದೆ.

ಒಟ್ಟಿಗೆ ನಿಂತು ತಿನ್ನುವ ಅಭ್ಯಾಸವನ್ನು ಪೆನಾಂಗಿಗೆ ಹಡಗು ಕಲಿಸಿತು. ನಮ್ಮ ಬಯಲುಸೀಮೆಗೆ ಕಲಿಸಿದ್ದು ಬಹುಮಟ್ಟಿಗೆ ರೈಲು. 19ನೇ ಶತಮಾನದ ಕೊನೆಗೆ ಬೆಂಗಳೂರಿನಿಂದ ಹರಿಹರದ ಕಡೆಗೆ ಹೋದ ಹಳಿ ಅರಸೀಕೆರೆಯನ್ನು ಮುಟ್ಟಿತು. 1910ರ ದಶಕದ ಕೊನೆಯ ಹೊತ್ತಿಗೆ ಹಾಸನದ ಮೇಲೆ ಮೈಸೂರಿಗೂ ಹಳಿ ಬಿತ್ತು. ಅರಸೀಕೆರೆ ಜಂಕ್ಷನ್ ಆಯಿತು. ಜಂಕ್ಷನ್ ಎಂದರೆ ಕಾಯುವ ಜಾಗ. ಕಾಯುವವರಿಗೆ ಹಸಿವಾಗುತ್ತದೆ. ಮದ್ದೂರು ವಡೆ ಹುಟ್ಟಿದ್ದು 1917ರಲ್ಲಿ ಅಲ್ಲಿಯ ರೈಲು ನಿಲ್ದಾಣದಲ್ಲಿ ಎಂದು ಹೇಳುತ್ತಾರೆ. ಮೊದಮೊದಲು ಕಾಯಿಲೆಯವರ ಕಷಾಯದಂತಿದ್ದ ಚಹಾವನ್ನು ಜನರಿಗೆ ಅಭ್ಯಾಸ ಮಾಡಿಸಲು ಚಹಾ ವ್ಯಾಪಾರಿಗಳು 20ನೇ ಶತಮಾನದ ಮೊದಲ ದಶಕಗಳಲ್ಲಿ ಹಿಡಿದದ್ದೂ ರೈಲು ನಿಲ್ದಾಣಗಳನ್ನೇ. ಅವರು ಹೇಳಿಕೊಟ್ಟದ್ದು ಒಂದು, ನಮ್ಮ ಚಹಾ ಮಾರುವವರು ಮಾಡಿದ್ದು ಇನ್ನೊಂದು. ಹಾಲು, ಸಕ್ಕರೆ, ಶುಂಠಿ ಏಲಕ್ಕಿ ಸುರಿದು ಅದನ್ನು ಕುಡಿಯುವಂತೆ ಮಾಡಿದವರು ಅವರು.

ಆದರೆ ರೈಲು ಎಲ್ಲರನ್ನೂ ಒಂದೇ ಡಬ್ಬಿಯಲ್ಲಿ ಕೂರಿಸಿತೇ ಹೊರತು ಒಂದೇ ಹೂಜಿಯಿಂದ ಕುಡಿಸಲಿಲ್ಲ. ಬ್ರಿಟಿಷರ ಕಾಲದಲ್ಲಿ ದೇಶದ ಅನೇಕ ನಿಲ್ದಾಣಗಳಲ್ಲಿ ‘ಹಿಂದೂ ಪಾನಿ’, ‘ಮುಸಲ್ಮಾನ್ ಪಾನಿ’ ಎಂದು ಕೂಗುತ್ತ ಬೇರೆ ಬೇರೆ ನೀರಿನವರು ಬರುತ್ತಿದ್ದರು. ಊಟದ ಕೋಣೆಗಳೂ ಬೇರೆ. ದಲಿತರಿಗೆ ಈ ಎರಡು ಕೂಗಿನಲ್ಲಿ ಯಾವುದೂ ತಮ್ಮದಲ್ಲ. ಊರೊಳಗಿನ ಹೋಟೆಲುಗಳಲ್ಲಿ ಜಾತಿಗೊಂದು ಜಾಗ ಇರುತ್ತಿತ್ತು. ಅಂಗಡಿ, ಹೋಟೆಲುಗಳಿಗೆ ಯಾರನ್ನೂ ಜಾತಿ ಮತದ ಹೆಸರಿನಲ್ಲಿ ತಡೆಯಕೂಡದು ಎಂಬ ಮಾತನ್ನು 1950ರ ಸಂವಿಧಾನದ 15ನೇ ವಿಧಿಯಲ್ಲೇ ಬರೆಯಬೇಕಾಗಿ ಬಂತು. ಅಸ್ಪೃಶ್ಯತೆಯನ್ನು ಶಿಕ್ಷಿಸುವ ಕಾಯ್ದೆ 1955ರಲ್ಲಿ ಬಂತು. ಒಂದು ಲೋಟ ಚಹಾಕ್ಕೆ ಸಂವಿಧಾನದ ಕಾವಲು ಬೇಕಾದ ನಾಡು ನಮ್ಮದು.

ಆ ಕೂಗಿಗೆ ಒಮ್ಮೆ ಉತ್ತರ ಬಂದದ್ದು ಮಲಯದ ಕಡೆಯಿಂದಲೇ. 1942ರಲ್ಲಿ ಸಿಂಗಪುರ ಜಪಾನೀಯರ ವಶವಾದಾಗ ಸೆರೆಸಿಕ್ಕ ಭಾರತೀಯ ಸೈನಿಕರಿಂದ, ಆಮೇಲೆ ಮಲಯದ ರಬ್ಬರ್ ತೋಟಗಳ ತಮಿಳು ಕೂಲಿಗಳಿಂದಲೂ, ಆಜಾದ್ ಹಿಂದ್ ಫೌಜ್ ಕಟ್ಟಿತು. ಅಲ್ಲಿ ಹಿಂದೂ, ಮುಸ್ಲಿಮ್, ಸಿಖ್ ಎಲ್ಲರಿಗೂ ಒಂದೇ ಅಡುಗೆ. ಯುದ್ಧ ಮುಗಿದು ಅವರು ದೆಹಲಿಯಲ್ಲಿ ಸೆರೆಯಲ್ಲಿದ್ದಾಗ ಗಾಂಧೀಜಿ ನೋಡಲು ಹೋದರು. ಇಲ್ಲಿ ನಮಗೆ ಹಿಂದೂ ಚಹಾ, ಮುಸ್ಲಿಮ್ ಚಹಾ ಎಂದು ಬೇರೆ ಬೇರೆ ತರುತ್ತಾರೆ ಎಂದು ಸೈನಿಕರು ದೂರಿದರು. ಮತ್ತೆ ನೀವೇನು ಮಾಡುತ್ತೀರಿ ಎಂದು ಗಾಂಧೀಜಿ ಕೇಳಿದರು. ಎರಡನ್ನೂ ಅರ್ಧರ್ಧ ಬೆರೆಸಿ ಕುಡಿಯುತ್ತೇವೆ ಎಂದರು ಅವರು. ಗಾಂಧೀಜಿ ನಕ್ಕುಬಿಟ್ಟರಂತೆ. ಈ ಕತೆಯನ್ನು ನಾನು ಎಷ್ಟು ಸಲ ಓದಿದರೂ ನನಗೆ ಕಾಣುವುದು ಆ ಎರಡು ಕೆಟಲುಗಳು. ಅವನ್ನು ತಂದವನು ಬೆರೆಸುವುದನ್ನು ನೋಡುತ್ತ ಏನೆಂದುಕೊಂಡಿರಬಹುದು?

ಮಲೇಷ್ಯಾ ಸ್ವರ್ಗ, ನಾವು ನರಕ ಎಂದು ನಾನು ಹೇಳುತ್ತಿಲ್ಲ. ಅಲ್ಲಿ 1969ರ ಮೇ 13ರಂದು ಮಲಯರಿಗೂ ಚೀನಿಯರಿಗೂ ಭೀಕರ ಗಲಭೆಯಾಯಿತು. ಹಂದಿಮಾಂಸದ ಕಾರಣಕ್ಕೆ ಚೀನಿಯರ ಎಷ್ಟೋ ಅಂಗಡಿಗಳಿಗೆ ಮಲಯರು ಕಾಲಿಡುವುದಿಲ್ಲ. ಮಾಮಕ್ ಅಂಗಡಿಯ ಹಲಾಲ್ ಫಲಕವೇ ಅಲ್ಲಿ ಎಲ್ಲರನ್ನೂ ಒಂದೇ ಮಾಡಿನ ಕೆಳಗೆ ತರುತ್ತದೆ. ಇನ್ನೊಂದು ಜಾಗದಲ್ಲಿ ಅದೇ ಫಲಕ ಜನರನ್ನು ಬೇರೆ ಮಾಡಲೂಬಹುದು. 2016ರಲ್ಲಿ ಪೆನಾಂಗ್ ಸರ್ಕಾರ ಬೀದಿ ಅಂಗಡಿಗಳಲ್ಲಿ ಕೆಲವು ಸ್ಥಳೀಯ ತಿಂಡಿಗಳನ್ನು ವಿದೇಶಿಯರು ಅಡುಗೆ ಮಾಡಬಾರದೆಂದು ನಿಯಮ ತಂದಿತು. 2023ರಲ್ಲಿ ನಾಸಿ ಕಂದರನ್ನೂ ಆ ಪಟ್ಟಿಗೆ ಸೇರಿಸುವ ನಿರ್ಧಾರ ಪ್ರಕಟವಾಯಿತು. ಹಡಗಿನಲ್ಲಿ ಬಂದ ಪರದೇಶಿಯ ಕಾವಡಿಯಲ್ಲಿ ಹುಟ್ಟಿದ ಊಟವನ್ನು ಈಗ ಪರದೇಶಿಯ ಕೈ ಮುಟ್ಟಕೂಡದು! ಮರುವರ್ಷವೇ, 2024ರ ಡಿಸೆಂಬರಿನಲ್ಲಿ, ನಾಸಿ ಲೆಮಾಕ್, ರೋಟಿ ಚನಾಯ್, ತೆಹ್ ತಾರಿಕ್ ಇರುವ ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯನ್ನು ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಲವು ಜನಾಂಗಗಳು ಒಟ್ಟಿಗೆ ಕೂತು ತಿನ್ನುತ್ತವೆ ಎಂಬುದೇ ಅದಕ್ಕೆ ಸಿಕ್ಕ ಮನ್ನಣೆಯ ಕಾರಣ.

ನಮ್ಮ ಬೀದಿಯೂ ಪೂರ್ತಿ ಶುದ್ಧವಲ್ಲ. ಹಳ್ಳಿಯ ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿ ಕಾಯ್ದೆ ಬಂದ ಎಷ್ಟೋ ದಶಕಗಳ ಮೇಲೂ ಉಳಿದಿತ್ತು. ಅದನ್ನು ಕಂಡೂ ಸುಮ್ಮನೆ ಚಹಾ ಕುಡಿದು ಎದ್ದುಬಂದವರಲ್ಲಿ ನಮ್ಮವರೂ ಇದ್ದಾರೆ. ಜಾತ್ರೆ ಈ ರೋಗಕ್ಕೆ ಮದ್ದಾಗಲಿಲ್ಲ. ವರ್ಷಕ್ಕೊಂದು ದಿನ ಅದನ್ನು ಮರೆಸುತ್ತಿತ್ತು, ಅಷ್ಟೆ. ಆದರೆ ಒಂದು ದಿನ ಮರೆತವರಿಗೆ ಮರೆಯಲು ಬರುತ್ತದೆ ಎಂದಾದರೂ ಗೊತ್ತಾಗುತ್ತಿತ್ತು.

2022ರ ಮಾರ್ಚ್ ತಿಂಗಳಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದೆಂಬ ಬ್ಯಾನರುಗಳು ಎದ್ದಾಗ ನನಗೆ ಮೊದಲು ನೆನಪಾದದ್ದು ಬೆಲ್ಲದ ಆ ಚೂರು. ಧಾರ್ಮಿಕ ದತ್ತಿ ಕಾಯ್ದೆಯಡಿ 2002ರಲ್ಲಿ ಮಾಡಿದ ನಿಯಮವೊಂದನ್ನು ಅದಕ್ಕೆ ಆಧಾರವಾಗಿ ತೋರಿಸಿದರು. ಬಳೆ, ಆಟಿಕೆ, ಶರಬತ್ತು ಮಾರಿ ಜಾತ್ರೆಯಿಂದ ಜಾತ್ರೆಗೆ ಹೋಗುವವನಿಗೆ ಅದು ಹೊಟ್ಟೆಯ ಪ್ರಶ್ನೆ. ಆ ನಷ್ಟವನ್ನು ರೂಪಾಯಿಯಲ್ಲಿ ಲೆಕ್ಕ ಹಾಕಬಹುದು. ಕೊಳ್ಳುವವನ ನಷ್ಟಕ್ಕೆ ಲೆಕ್ಕವಿಲ್ಲ. ಯಾರ ಕೈಯಿಂದ ತೆಗೆದುಕೊಳ್ಳಬೇಕು ಎಂದು ಯೋಚಿಸಿ ತಿಂದ ದಿನ ಅದು ಬೀದಿಯ ತಿಂಡಿಯಾಗಿ ಉಳಿಯುವುದಿಲ್ಲ. ನಾವು ಬಿಟ್ಟುಬಂದ ಪಂಕ್ತಿಯೇ ಬೀದಿಗೆ ಬಂದು ಕೂರುತ್ತದೆ. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯ ಬೇಲೂರಿನಲ್ಲಿ ಚೆನ್ನಕೇಶವನ ತೇರಿನ ಮುಂದೆ ಕುರ್‌ಆನ್ ಪಠಿಸುವ ಹಳೆಯ ರೂಢಿಗೆ ವಿರೋಧ ಎದ್ದಿತು. ವಿರೋಧದ ನಡುವೆಯೂ ಆ ಸಲ ಪಠಣ ನಡೆಯಿತು, ತೇರೂ ಎಳೆಯಿತು. ಪತ್ರಿಕೆಗಳಲ್ಲಿ ಅದೇ ಸುದ್ದಿ. ತೇರು ಎಳೆದು ದಣಿದವರು ಆಮೇಲೆ ಎಲ್ಲಿ ನಿಂತು ಏನು ತಿಂದರು ಎಂಬುದು ಎಂದಿನಂತೆ ಯಾರಿಗೂ ಸುದ್ದಿಯಾಗಲಿಲ್ಲ.

ಕಳೆದ ಆಷಾಢದಲ್ಲಿ ಮಗಳನ್ನು ಕರೆದುಕೊಂಡು ಮಾಲೇಕಲ್ಲಿಗೆ ಹೋಗಿದ್ದೆ. ಈಗ ಗೋಬಿಮಂಚೂರಿ, ಪಾನಿಪುರಿ ಗಾಡಿಗಳೇ ಹೆಚ್ಚು. ಗೋಬಿಯವನು ‘ಚೈನೀಸ್’ ಎಂದು ಬೋರ್ಡು ಹಾಕಿಕೊಂಡಿದ್ದ. ಅವನ ಕನ್ನಡ ಅಪ್ಪಟ ಬಾಣಾವರದ್ದು. ಬಜ್ಜಿಯ ಬಾಣಲೆಯೂ ಇತ್ತು. ಮುಂದೆ ಗುಂಪು. ಕೈಚಾಚಿದರೆ ಯಾರ ಕೈ ಯಾರದೆಂದು ತಿಳಿಯದಷ್ಟು ನೂಕುನುಗ್ಗಲು. ಮಗಳು ಅಲ್ಲೇ ನಿಂತು ಎರಡು ತಿಂದು ಕಣ್ಣಲ್ಲಿ ನೀರು ತಂದುಕೊಂಡಳು. ಪಕ್ಕದಲ್ಲಿದ್ದ ಯಾರದೋ ಅಜ್ಜಿ ತನ್ನ ಬಾಟಲಿಯ ನೀರು ಕೊಟ್ಟಿತು.

ಅಮ್ಮಿಗೆ ಈಗ ಮಂಡಿನೋವು, ಅಷ್ಟು ದೂರ ಬರಲಾರಳು. ಅವಳಿಗೆಂದು ನಾಲ್ಕು ಬಜ್ಜಿಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದೆ. ಮನೆ ಮುಟ್ಟುವಷ್ಟರಲ್ಲಿ ತಣ್ಣಗಾಗಿ ಎಣ್ಣೆ ಕಾಗದಕ್ಕೆ ಇಳಿದಿತ್ತು. ಒಂದು ಕಚ್ಚಿ ನೋಡಿ ಕೆಳಗಿಟ್ಟಳು.

“ಇದನ್ನ ಅಲ್ಲೇ ನಿಂತು ತಿನ್ನಬೇಕು ಬೇಟಾ,” ಅಂದಳು. “ಮನೆಗೆ ತರೋದಲ್ಲ.”